ಕುಂಕುಮದ ಡಬ್ಬಿಯ ಮುಚ್ಚಳ

ನೆಲದ ಮೇಲೆ ಏಳು ಸೂರ್ಯ, ಅಲ್ಲ, ಎಂಟು, ಕಿಟಕಿಯಾಚೆಯ ಹೊಂಗೆ ಮರ ಒಂಚೂರು ಅಲುಗಿದರೆ ಎರಡು ಸೇರಿ ಒಂದಾಗುತ್ತವೆ, ಗಾಳಿ ನಿಂತರೆ ಮತ್ತೆ ಬೇರೆ ಬೇರೆ — ಎಲೆ ಸಂದಿಯ ಬಿಸಿಲು ಅಂತ ಜನ ತುಳಿದುಕೊಂಡು ಓಡಾಡುತ್ತಾರೆ, ಸಂದಿ ಮೂರು ಮೂಲೆಯದಿರಲಿ ನಾಲ್ಕು ಮೂಲೆಯದಿರಲಿ ಬಿಲ್ಲೆ ಮಾತ್ರ ದುಂಡಗೇ ಬೀಳುತ್ತದೆ, ಯಾಕೆ ಹೇಳಿ, ಯಾಕಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ, ಪ್ರತಿಯೊಂದೂ ಪೂರ್ತಿ ಸೂರ್ಯ, ಮೂವತ್ತೊಂದು ವರ್ಷದಿಂದ ಎಂಟನೇ ಕ್ಲಾಸಿಗೆ ಇದನ್ನೇ ಹೇಳುತ್ತಿದ್ದೇನೆ, ವಾರಿಜಾ ಮಿಸ್ ನೆಲ ನೋಡಿಕೊಂಡು ನಡೀತಾರೆ, ಚಿಲ್ಲರೆ ಹುಡುಕ್ತಾರೆ ಅಂತ ಮಕ್ಕಳು ಹಿಂದೆ ಆಡಿಕೊಳ್ಳುವುದೂ ನನಗೆ ಗೊತ್ತು. ಟೋಕನ್ ಇಪ್ಪತ್ತಮೂರು. ನಮ್ಮದು ಇಪ್ಪತ್ತೇಳು. ಜಯನಗರದ ಈ ಕಣ್ಣಾಸ್ಪತ್ರೆಯಲ್ಲಿ ಶನಿವಾರ ಬೆಳಿಗ್ಗೆ ಯಾರ ಕಣ್ಣೂ ತೆರೆದಿಲ್ಲ, ಎಲ್ಲರಿಗೂ ಹನಿ ಹಾಕಿ ಸಾಲಾಗಿ ಕೂರಿಸಿದ್ದಾರೆ, ಪೂಜೆಗೆ ಕೂತವರ ಹಾಗೆ ಮುಖ ಮೇಲೆತ್ತಿಕೊಂಡು ಕೂತಿದ್ದಾರೆ, ನನ್ನ ಪಕ್ಕ ಇಂಚರ, ಏಳನೇ ಕ್ಲಾಸಿನಿಂದಲೂ ನನ್ನ ಹುಡುಗಿ, ಈಗ ಎಂಟನೇ ಕ್ಲಾಸು, ಅವಳಾಚೆ ಅವಳ ಅಮ್ಮ ಶಿಲ್ಪಶ್ರೀ, ಮಗಳ ಕೆನ್ನೆಗೆ ಇಳಿದ ಹನಿಯನ್ನು ಸೆರಗಿನ ತುದಿಯಿಂದ ಒತ್ತುತ್ತಾಳೆ, ಒತ್ತುತ್ತಾ ಬೈಯುತ್ತಾಳೆ, ಮೊಬೈಲು ಮೊಬೈಲು ಅಂತ ಬಡ್ಕೊಂಡೆ ಮಿಸ್, ಕೇಳ್ಲಿಲ್ಲ ಇವಳು, ಈಗ ಅನುಭವಿಸಲಿ. ನಾನು ಹೂಂ ಅಂದೆ. ಹೂಂ ಅಂತ ಯಾಕಂದೆ. ಒಂದು ಬಿಲ್ಲೆ ಇಂಚರಳ ಚಪ್ಪಲಿಯ ಮೇಲಿದೆ, ಬಿಳಿ, ಎಂಟು ನಿಮಿಷ ಇಪ್ಪತ್ತು ಸೆಕೆಂಡು ಹಳೆಯದು, ಸೂರ್ಯನಿಂದ ಇಲ್ಲಿಗೆ ಬರಲು ಬೆಳಕಿಗೆ ಅಷ್ಟು ಹೊತ್ತು ಬೇಕು, ಅಷ್ಟು ದೂರದಿಂದ ಬಂದು ಒಂದು ಹವಾಯಿ ಚಪ್ಪಲಿಯ ಪಟ್ಟಿಯ ಮೇಲೆ ಕೂತಿದೆ, ಸೋಮವಾರವೂ ಒಂದು ಬಿಲ್ಲೆ ಇತ್ತಲ್ಲ, ಎಲ್ಲಿತ್ತು, ರಟ್ಟಿನ ಮೇಲೆ, ಹೌದು, ರಟ್ಟಿನ ಮೇಲೆ ದೊಡ್ಡದು, ಆದರೆ ಇನ್ನೊಂದು, ಚಿಕ್ಕದು, ತುಂಬಾ ಹೊಳಪಿನದು, ಅದು ಎಲ್ಲಿತ್ತು.

ಸೂಜಿಯಿಂದ ಗೊತ್ತಾಗಿದ್ದು. ಶಿಲ್ಪಶ್ರೀ ಕತ್ರಿಗುಪ್ಪೆಯಲ್ಲಿ ಮನೆಯ ಮುಂದಿನ ರೂಮಿನಲ್ಲೇ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ, ಗೌರಿ ಹಬ್ಬಕ್ಕೆ ನಾಲ್ಕೇ ದಿನ, ಕೈತುಂಬ ಕೆಲಸ, ನಲವತ್ತಕ್ಕೆ ಮೊದಲೇ ಅವಳಿಗೆ ಹತ್ತಿರದ್ದು ಮಸುಕು, ಅದಕ್ಕೇ ಸ್ಕೂಲಿಂದ ಬಂದ ಕೂಡಲೇ ಇಂಚರ ಹನ್ನೆರಡು ಸೂಜಿಗೆ ಹನ್ನೆರಡು ಬಣ್ಣದ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಆಮೇಲೆ ಕಾಫಿ ಕುಡಿಯುವುದು, ಆ ಕೈ ಅಷ್ಟು ನಿಗಾದ ಕೈ ಅಂತಲೇ ಅಲ್ಲವೇ ನಾನು ರಟ್ಟು ಹಿಡಿಯಲು ಅವಳನ್ನೇ ಕರೆದದ್ದು, ಮಂಗಳವಾರ ಸಾಯಂಕಾಲ ಒಂದು ಸೂಜಿಗೂ ದಾರ ಹೋಗಲಿಲ್ಲವಂತೆ, ಸೂಜಿಯ ಕಣ್ಣಿನ ಪಕ್ಕ ಪಕ್ಕಕ್ಕೇ ಹೋಗುತ್ತದಂತೆ ದಾರ, ನಾಟಕ ಆಡ್ತೀಯಾ ಅಂತ ಅಮ್ಮ ಒಂದು ಬಿಟ್ಟಿದ್ದಾಳೆ, ಬುಧವಾರ ಬೋರ್ಡಿನ ಅಕ್ಷರದ ಮಧ್ಯೆ ಕಪ್ಪು ಕಾಣುತ್ತದೆ ಅಂದಾಗ ಇನ್ನೊಂದು ಬಿಟ್ಟು ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಗುರುವಾರ ಸ್ಕೂಲಿನ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡಳು, ಡಾಕ್ಟ್ರು ಇಂಗ್ಲಿಷಲ್ಲಿ ಏನಾದ್ರೂ ಅಂದ್ರೆ ನನಗೆ ಅರ್ಥ ಆಗಲ್ಲ, ಇವಳಪ್ಪಂಗೆ ಡ್ಯೂಟಿ, ನೀವೂ ಬನ್ನಿ ಮಿಸ್, ನೀವು ಹೇಳಿದ್ರೆ ಇವಳು ಕೇಳ್ತಾಳೆ. ಬರ್ತೀನಿ ಅಂತ ಅವಳು ಮುಗಿಸುವ ಮೊದಲೇ ಅಂದುಬಿಟ್ಟೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಆದರೆ ನಾನು ಕದ್ದಿದ್ದೇನೆಯೇ, ಅದೇ ಗೊತ್ತಾಗುತ್ತಿಲ್ಲವಲ್ಲ, ಮುಚ್ಚಳ ಹಾಕಿದ್ದೆ, ಹಾಕಿದ್ದೆ ಅನ್ನಿಸುತ್ತದೆ, ಹೆಬ್ಬೆರಳು ಕೆಂಪಾಗಿದ್ದು ಚೆನ್ನಾಗಿ ನೆನಪಿದೆ.

ಸೋಮವಾರ, ಆಗಸ್ಟ್ ಹದಿನೆಂಟು, ಬೆಂಗಳೂರಿನಲ್ಲಿ ವರ್ಷಕ್ಕೆ ಎರಡೇ ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ, ದೆಹಲಿಯವರಿಗೆ ಈ ಭಾಗ್ಯ ಜನ್ಮದಲ್ಲಿಲ್ಲ ಮಕ್ಕಳೇ, ಹನ್ನೆರಡು ಗಂಟೆಗಲ್ಲ, ಹನ್ನೆರಡು ಇಪ್ಪತ್ತನಾಲ್ಕಕ್ಕೆ, ಗಡಿಯಾರ ಇಡೀ ದೇಶದ್ದು, ಮಧ್ಯಾಹ್ನ ಮಾತ್ರ ನಮ್ಮ ಊರಿನದು. ಸ್ಕೂಲಿನ ಟೆರೇಸಿನ ಮೇಲೆ ಮೂವತ್ತೆಂಟು ಮಕ್ಕಳು, ಸಾಲಾಗಿ ನೀರಿನ ಬಾಟಲು, ಸೀಮೆಸುಣ್ಣದ ಗೆರೆ, ಅಟೆಂಡರ್ ಬೈರಣ್ಣ ಟೆಲಿಸ್ಕೋಪನ್ನು ಮಗುವಿನ ಹಾಗೆ ತಬ್ಬಿಕೊಂಡು ಮೂರು ಮಹಡಿ ಹತ್ತಿ ತಂದಿದ್ದ, ಮೋಡ, ಬರೀ ಮೋಡ, ಆಗಸ್ಟ್ ಅಂದರೆ ಹೀಗೇ, ಹನ್ನೆರಡೂ ಹತ್ತು, ಹನ್ನೆರಡೂ ಹದಿನೈದು, ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಯಾರೂ ನೋಡುವುದಿಲ್ಲ, ಕೆಳಗೆ ಬಿಳಿ ರಟ್ಟು ಹಿಡಿದು ಅದರ ಮೇಲೆ ಚಿತ್ರ ಬೀಳಿಸಿ ನೋಡುವುದು, ಕಲೆಗಳು ಕಾಣುತ್ತವೆ, ಸೂರ್ಯನ ಮುಖದ ಮೇಲಿನ ಕಪ್ಪು ಚುಕ್ಕಿಗಳು, ಒಂದೊಂದರಲ್ಲೂ ನಮ್ಮ ಭೂಮಿ ಮುಳುಗಿಹೋಗುತ್ತದೆ, ಈ ಗಾಜಿಗೆ ಯಾರೂ ಕಣ್ಣಿಡಬೇಡಿ ಅಂತ ಹತ್ತು ಸಲ ಹೇಳಿದ್ದೇನೆ, ಹತ್ತು ಸಲ, ಆದರೆ ದೊಡ್ಡ ಕೊಳವೆಯ ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಳವೆ ಕೂತಿರುತ್ತದಲ್ಲ, ಫೈಂಡರ್, ಗುರಿ ಹಿಡಿಯುವುದಕ್ಕೆ, ಅದರ ಬಗ್ಗೆ ಹೇಳುವುದಿಲ್ಲ, ಹೇಳುವ ಅಗತ್ಯವೇ ಬಿದ್ದಿಲ್ಲ, ಹಗಲಲ್ಲಿ ಅದು ಮುಚ್ಚಿಯೇ ಇರುತ್ತದೆ, ಅದರ ಮೂಲ ಮುಚ್ಚಳ ಕಳೆದು ಹನ್ನೊಂದು ವರ್ಷ, ಆವಾಗಿನಿಂದ ನನ್ನ ಅಮ್ಮನ ಕುಂಕುಮದ ಡಬ್ಬಿಯ ಮುಚ್ಚಳ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ, ಮೇಲೊಂದು ರಬ್ಬರ್ ಬ್ಯಾಂಡ್, ಹಾಕಿ ತೆಗೆಯುವಾಗ ಹೆಬ್ಬೆರಳಿಗೆ ಇವತ್ತಿಗೂ ಒಂಚೂರು ಕೆಂಪು ಹತ್ತುತ್ತದೆ. ಹನ್ನೆರಡೂ ಇಪ್ಪತ್ತೆರಡಕ್ಕೆ ಮೋಡ ಹರಿಯಿತು, ಬಂತು ಮಿಸ್ ಬಂತು ಅಂತ ಟೆರೇಸು ಹಾರಿಹೋಗುವ ಹಾಗೆ ಕೂಗಿದರು, ಸೂರ್ಯ ನೆತ್ತಿಯ ಮೇಲಿದ್ದರೆ ಟೆಲಿಸ್ಕೋಪ್ ತಿರುಗಿಸುವುದು ಎಷ್ಟು ತ್ರಾಸ, ರಟ್ಟಿನ ಮೇಲೆ ಏನೂ ಬೀಳುತ್ತಿಲ್ಲ, ಇನ್ನೆರಡು ನಿಮಿಷ, ಮೋಡ ಮತ್ತೆ ಹತ್ತಿರ, ಫೈಂಡರಿನ ಮುಚ್ಚಳ ಕಿತ್ತೆ, ಅದರ ಹಿಂದೆ ಅಂಗೈ ಒಡ್ಡಿದೆ, ಬೆಳಕು ಅಂಗೈಗೆ ಬಿದ್ದರೆ ಗುರಿ ಸಿಕ್ಕಿತು ಅಂತ, ಇದು ನನ್ನದೇ ಉಪಾಯ, ಯಾವ ಪುಸ್ತಕದಲ್ಲೂ ಇಲ್ಲ, ಚುರ್ ಅಂತು, ಸಿಕ್ಕಿತು, ರಟ್ಟಿನ ಮೇಲೆ ಸೂರ್ಯ ತಟ್ಟೆಯಷ್ಟಗಲ ಬಂದ, ಚಪ್ಪಾಳೆ, ಆಮೇಲೆ, ಆಮೇಲೆ ಮುಚ್ಚಳ ಎಲ್ಲಿ ಹೋಯಿತು.

ಹಾಕಿದೆ. ಎಡಗೈಯಲ್ಲಿ ಕೊಳವೆ ಹಿಡಿದು ಬಲಗೈಯಲ್ಲಿ ಮುಚ್ಚಳ ಒತ್ತಿದೆ, ಹೆಬ್ಬೆರಳು ಕೆಂಪಾಯಿತು, ಸೆರಗಿಗೆ ಒರೆಸಿದೆ, ಹಸಿರು ಸೀರೆ — ಸೋಮವಾರ ಹಸಿರು ಸೀರೆ ಉಟ್ಟಿದ್ದೆನೇ, ಸೋಮವಾರ ಬೂದು ಬಣ್ಣದ ಕಾಟನ್ ಅಲ್ಲವೇ, ಹಸಿರು ಏಪ್ರಿಲಿನದು, ಬನಶಂಕರಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ತೋರಿಸಿದಾಗ, ಅಥವಾ ಹೋದ ವರ್ಷದ ಆಗಸ್ಟಿನದು, ವರ್ಷಕ್ಕೆ ಎರಡು ಸಲದಂತೆ ಹನ್ನೊಂದು ವರ್ಷ, ಇಪ್ಪತ್ತೆರಡು ಮಧ್ಯಾಹ್ನಗಳು ಒಂದರ ಮೇಲೊಂದು ಬಿದ್ದುಕೊಂಡಿವೆ, ಎಲ್ಲದರಲ್ಲೂ ಅದೇ ಕೊಳವೆ ಅದೇ ಮುಚ್ಚಳ ಅದೇ ಬಾಟಲು, ಯಾವ ಹೆಬ್ಬೆರಳು ಯಾವ ವರ್ಷದ್ದು ಅಂತ ಹೇಗೆ ಬಿಡಿಸುವುದು. ನಿನ್ನೆ ಬೈರಣ್ಣನಿಗೆ ಫೋನ್ ಮಾಡಿದೆ, ನೀನು ಟೆಲಿಸ್ಕೋಪ್ ಇಳಿಸಿಕೊಂಡು ಹೋಗುವಾಗ ಫೈಂಡರಿಗೆ ಮುಚ್ಚಳ ಇತ್ತಾ, ಇತ್ತು ಮೇಡಂ ಅಂದ, ನನಗೆ ಜೀವ ಬಂದ ಹಾಗಾಯಿತು, ಎರಡು ಕ್ಷಣ ಬಿಟ್ಟು, ಅದು ನೆಲದ ಮೇಲೆ ಬಿದ್ದಿತ್ತಲ್ಲ ಮೇಡಂ, ನಾನೇ ಎತ್ತಿ ಹಾಕ್ದೆ ಅನ್ಸುತ್ತೆ, ಇಲ್ಲ ಅದು ಏಪ್ರಿಲಲ್ಲಾ, ಏಪ್ರಿಲಲ್ಲಿ ನೀನಿರಲಿಲ್ಲ ಬೈರಣ್ಣ, ಅದು ನಮ್ಮ ಮನೆ ಅಂದೆ, ಹಂಗಾದ್ರೆ ಹೋದ ವರ್ಷ ಇರ್ಬೇಕು ಮೇಡಂ, ಏನಾಯ್ತು ಮೇಡಂ, ಏನಿಲ್ಲ ಬಿಡು. ಏನಿಲ್ಲ ಬಿಡು ಅಂದೆ. ಅವನ ನೆನಪೂ ನನ್ನದರ ಹಾಗೇ ಕಲಸಿಹೋಗಿದೆ, ಅದೊಂದು ಸಮಾಧಾನ, ಎಂಥಾ ಸಮಾಧಾನ, ಥೂ.

ಟೋಕನ್ ಇಪ್ಪತ್ತೈದು. ಇಂಚರ ಕಣ್ಣು ಮುಚ್ಚಿಕೊಂಡೇ ಮಿಸ್ ಅಂದಳು, ಏನಮ್ಮ ಅಂದೆ, ಹೊರಗೆ ಗಣೇಶ ಮಾರ್ತಿದ್ದಾರಾ, ಹೌದು, ಫುಟ್‌ಪಾತ್ ಪೂರ್ತಿ ಇಟ್ಟಿದ್ದಾರೆ, ಬಣ್ಣ ಹಾಕಿದ್ದಾ ಮಣ್ಣಿಂದಾ, ಎರಡೂ ಇದೆ. ಅವಳಮ್ಮ ಗಣೇಶ ಅಂದ ಕೂಡಲೇ ಕೈ ಮುಗಿದಳು, ಹೋದ ವರ್ಷ ಚೌತಿ ದಿನ ಚಂದ್ರನ್ನ ನೋಡಿದ್ಲು ಮಿಸ್ ಇವಳು, ಬೇಡ ಅಂದ್ರೂ ಕೇಳ್ಲಿಲ್ಲ, ನಮ್ ಮಿಸ್ ನೋಡಿ ಅಂದಿದ್ದಾರೆ ಅಂತ ಅಂದ್ಲು. ಅಂದಿದ್ದೆ. ಚೌತಿ ಚಂದ್ರನನ್ನು ನೋಡಿದರೆ ಅಪವಾದವೂ ಬರುವುದಿಲ್ಲ ಎಂಥದೂ ಬರುವುದಿಲ್ಲ, ಗ್ರಹಣದ ಹೊತ್ತಲ್ಲಿ ಊಟ ಮಾಡಿದರೆ ಹೊಟ್ಟೆ ತುಂಬುತ್ತದೆ ಅಷ್ಟೇ, ಯಾರೋ ಹೇಳಿದರು ಅಂತ ನಂಬಬೇಡಿ, ನೋಡದೆ ಏನನ್ನೂ ನಂಬಬೇಡಿ, ಇದು ನನ್ನ ಮಂತ್ರ, ಜೂನ್ ತಿಂಗಳ ಮೊದಲ ಪಾಠ, ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ, ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದು ಈ ಹುಡುಗಿ, ರಟ್ಟಿನ ಮೇಲಿರೋದು ಬರೀ ಚಿತ್ರ ಅಲ್ವಾ ಮಿಸ್, ನಿಜವಾದ ಸೂರ್ಯ ಹೇಗಿದ್ದಾನೆ ಅಂತ ಹೇಗೆ ಗೊತ್ತಾಗುತ್ತೆ, ಹೋದ ವರ್ಷ ಕೇಳಿದ್ದಳು, ಇಲ್ಲ, ಸೋಮವಾರವೇ ಕೇಳಿದ್ದಳು, ಮೆಟ್ಟಿಲು ಹತ್ತುವಾಗ, ನಾನು ಆಮೇಲೆ ಹೇಳ್ತೀನಿ ಅಂದಿದ್ದೆ. ಫೈಂಡರಿನದು ಮೂವತ್ತು ಮಿಲಿಮೀಟರಿನ ಗಾಜು, ಬಿಸಿಲಲ್ಲಿ ಕಣ್ಣಿನ ಪಾಪೆ ಎರಡು ಮಿಲಿಮೀಟರ್, ಹದಿನೈದು ಪಟ್ಟು, ಹದಿನೈದು ಹದಿನೈದಲ ಇನ್ನೂರಿಪ್ಪತ್ತೈದು, ಬರಿಗಣ್ಣಿಗೆ ಬೀಳುವ ಬೆಳಕಿನ ಇನ್ನೂರಿಪ್ಪತ್ತೈದರಷ್ಟು, ಟೆಲಿಸ್ಕೋಪಿನ ಕೆಲಸ ದೊಡ್ಡದು ಮಾಡುವುದಲ್ಲ ಮಕ್ಕಳೇ, ಬೆಳಕು ಕೂಡಿಸುವುದು, ಬೊಗಸೆ ದೊಡ್ಡದಾದಷ್ಟೂ ನೀರು ಹೆಚ್ಚು, ಸಾಕು ಸಾಕು, ಈ ಲೆಕ್ಕ ಯಾರು ಕೇಳಿದರು. ನೋವು ಕೂಡ ಆಗುವುದಿಲ್ಲವಂತೆ, ಕಣ್ಣಿನ ಹಿಂದಿನ ಪರದೆಗೆ ನೋವಿನ ನರವೇ ಇಲ್ಲ, ಅಂಗೈಗೆ ಚುರ್ ಅಂತು, ನಾನು ಎಳೆದುಕೊಂಡೆ, ಕಣ್ಣಿಗೆ ಚುರ್ ಅನ್ನುವುದಿಲ್ಲ. ಬುಧವಾರ ಅವಳನ್ನು ಸ್ಟಾಫ್ ರೂಮಿಗೆ ಕರೆದು ಕೇಳಿದೆನಲ್ಲ, ಹೇಗೆ ಕೇಳಿದೆ, ನೀನೇನೂ ಸೂರ್ಯನ್ನ ನೋಡಿಲ್ಲ ತಾನೆ, ಹಾಗೆ ಕೇಳಿದೆ, ಉತ್ತರವನ್ನು ನಾನೇ ಪ್ರಶ್ನೆಯೊಳಗಿಟ್ಟು ಕೊಟ್ಟೆ, ಇಲ್ಲ ಮಿಸ್ ಅಂದಳು, ಜಾಣ ಹುಡುಗಿ, ಯಾವ ಪ್ರಶ್ನೆಗೆ ಯಾವ ಉತ್ತರ ಬರೆದರೆ ಮಾರ್ಕ್ಸು ಅಂತ ಗೊತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ, ನೋಡದೆ ನಂಬಬೇಡಿ ಅನ್ನುವವಳು ಆ ಇಲ್ಲವನ್ನು ಹೇಗೆ ನುಂಗಿದೆ ನೋಡು, ನೀರೂ ಬೇಕಾಗಲಿಲ್ಲ.

ಇಪ್ಪತ್ತೇಳು. ಒಳಗೆ ಕತ್ತಲೆ ರೂಮು, ಡಾಕ್ಟರ್ ಸಂಘಮಿತ್ರಾ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಇಂಚರಳ ಗಲ್ಲವನ್ನು ಯಂತ್ರದ ಮೇಲಿರಿಸಿ ಬೆಳಕು ಬಿಟ್ಟು ನೋಡುತ್ತಾರೆ, ಬೆಳಕಿನ ಒಂದು ಪುಟ್ಟ ಬಿಲ್ಲೆ ಮಗುವಿನ ಕಣ್ಣಿಗೆ ಹೋಗುವ ದಾರಿಯಲ್ಲಿ ಕೆನ್ನೆಯನ್ನು ಸವರಿಕೊಂಡು ಹೋಯಿತು, ನಾನು ಅರ್ಧ ಎದ್ದು ಮತ್ತೆ ಕೂತೆ, ಯಾಕೆ ಅಂತ ತಿಳಿಯಲಿಲ್ಲ, ಆಮೇಲೆ ಒಂದು ಚೌಕುಳಿ ಹಾಳೆ ಕೊಟ್ಟರು, ನಮ್ಮ ಗ್ರಾಫ್ ಶೀಟಿನ ಹಾಗೆ, ಮಧ್ಯೆ ಒಂದು ಚುಕ್ಕಿ, ಎಡಗಣ್ಣು ಮುಚ್ಕೊಂಡು ಚುಕ್ಕಿ ನೋಡು ಪುಟ್ಟಾ, ಚುಕ್ಕಿ ಇಲ್ಲ ಡಾಕ್ಟ್ರೇ, ಇಲ್ಲವಾ, ಬಲಗಣ್ಣಿಗೆ ಇಲ್ಲ, ಸುತ್ತ ಗೆರೆ ಸೊಟ್ಟಗಿದೆ. ಬೆಳಿಗ್ಗೆ ತೆಗೆದ ಸ್ಕ್ಯಾನ್ ಪರದೆಯ ಮೇಲೆ ಬಂತು, ಪದರ ಪದರವಾಗಿ, ಅಕ್ಕಿರೊಟ್ಟಿ ಮುರಿದರೆ ಕಾಣುವ ಹಾಗೆ, ಸರಿಯಾಗಿ ನಡುವೆ ಒಂದು ಸಣ್ಣ ಕಿಂಡಿ. ಇದು ಮೊಬೈಲಿಂದ ಬರೋದಲ್ಲಮ್ಮ ಅಂತ ಡಾಕ್ಟರ್ ಕನ್ನಡದಲ್ಲೇ ಹೇಳಿದರು, ಇಂಗ್ಲಿಷ್ ಬೇಕಾಗಲೇ ಇಲ್ಲ, ನಾನು ಬಂದದ್ದು ಯಾತಕ್ಕೆ ಹಾಗಾದರೆ, ಸೂರ್ಯನ್ನ ನೇರವಾಗಿ ನೋಡಿದವರಲ್ಲಿ ಹೀಗಾಗುತ್ತೆ, ಲೇಸರ್ ಲೈಟ್ ಬಿದ್ರೂ ಆಗುತ್ತೆ, ಏನಾದ್ರೂ ನೋಡಿದ್ಯಾ ಪುಟ್ಟಾ, ಇಲ್ಲ ಡಾಕ್ಟ್ರೇ, ನಿಜ ಹೇಳು, ಇಲ್ಲ. ಹಾಗಾದ್ರೆ ನಾವು ಬೇರೆ ಕಾರಣ ಹುಡುಕಬೇಕಾಗುತ್ತೆ, ರಕ್ತ ಪರೀಕ್ಷೆ, ತಲೆಯದ್ದೊಂದು ಸ್ಕ್ಯಾನ್, ನರದ ಊತ ಅನ್ನಿಸಿದರೆ ಅಡ್ಮಿಟ್ ಮಾಡಿ ಇಂಜೆಕ್ಷನ್. ಶಿಲ್ಪಶ್ರೀಯ ಕೈ ಕುರ್ಚಿಯ ಕಂಬಿಯನ್ನು ಹಿಡಿದುಕೊಂಡಿತು, ತಲೇಲೇನಾದ್ರೂ ಇದ್ಯಾ ಡಾಕ್ಟ್ರೇ, ನೋಡೋಣಮ್ಮ, ನೋಡದೆ ಹೇಳೋಕಾಗಲ್ಲ. ಈಗ ಹೇಳಬೇಕು. ಏನಂತ ಹೇಳಲಿ, ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ, ಹಾಕಿದ್ದೆನೋ ಇಲ್ಲವೋ ನನಗೇ ತಿಳಿಯದು, ನಿವೃತ್ತಿಗೆ ಎರಡು ವರ್ಷ, ಸ್ಕೂಲಿನವರು ಏನಂತಾರೆ, ಪೇರೆಂಟ್ಸು ಏನಂತಾರೆ, ಆ ಟೆಲಿಸ್ಕೋಪನ್ನು ಮತ್ತೆ ಹೊರಗೆ ತೆಗೆಯಲು ಬಿಟ್ಟಾರೆಯೇ, ಹಾಕಿದ್ದರೆ, ಹಾಕಿದ್ದೇ ನಿಜವಾಗಿದ್ದರೆ, ಸುಮ್ಮನೆ ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡ ಹಾಗಲ್ಲವೇ. ಇಂಚರ ಆ ದಿನ ನಮ್ಮೆಲ್ಲರಿಗಿಂತ ಕೆಳಗೆ, ಟೆಲಿಸ್ಕೋಪಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ರಟ್ಟು ಹಿಡಿದಿದ್ದಳು, ರಟ್ಟಿನ ಮೇಲೆ ಸೂರ್ಯ, ಸೂರ್ಯನ ಮೇಲೆ ಮೂರು ಕಲೆ, ಮತ್ತೆ ಆ ಚಿಕ್ಕ ಬಿಲ್ಲೆ, ಬಿಳಿ ಯೂನಿಫಾರ್ಮಿನ ಕಾಲರಿನ ಮೇಲೆ, ಕಾಲರಿನ ಮೇಲಾ, ಹೌದು, ಕಾಲರಿನ ಮೇಲೆ ಒಂದು ರೂಪಾಯಿಯಷ್ಟಗಲ, ಅದು ಎಲ್ಲಿಂದ ಬಂತು, ಎಲೆ ಇಲ್ಲದ ಟೆರೇಸಿನಲ್ಲಿ.

ಎಡಗಣ್ಣಿನ ಮೇಲಿಟ್ಟ ಕೈಯನ್ನು ತೆಗೆಯದೆಯೇ ಇಂಚರ ನನ್ನ ಕಡೆ ತಿರುಗಿದಳು. ತಿರುಗಿದಳು ಅಂದುಕೊಂಡೆ, ಆದರೆ ಅವಳು ನೋಡುತ್ತಿರುವುದು ನನ್ನ ಎಡಗಿವಿಯನ್ನು, ಓಲೆ ಬಿದ್ದುಹೋಗಿದೆಯೇ ಅಂತ ಮುಟ್ಟಿ ನೋಡಿಕೊಂಡೆ, ಇದೆ, ಮತ್ತೆ ಯಾಕೆ ಕಿವಿ ನೋಡುತ್ತೀ ಮಗು, ಬಾಯಿಬಿಟ್ಟು ಕೇಳಿದೆನೋ ಏನೋ, ಅವಳು ಸಣ್ಣಗೆ ನಕ್ಕಳು, ನನಗೆ ಸಮಾಧಾನ ಹೇಳುವವಳ ಹಾಗೆ.

“ನೇರ ನೋಡಿದ್ರೆ ನಿಮ್ಮ ಮುಖ ಹೋಗ್ಬಿಡುತ್ತೆ ಮಿಸ್. ನೀವು ಕೃತ್ತಿಕೆ ತೋರಿಸಿದಾಗ ಹೇಳಿಕೊಟ್ರಲ್ಲ, ಪಕ್ಕಕ್ಕೆ ನೋಡಿ ಅಂತ. ಹಾಗೆ ನೋಡಿದ್ರೆ ಕಾಣ್ತೀರಾ.”

ಹೇಳಿಕೊಟ್ಟಿದ್ದೆ, ಡಿಸೆಂಬರಿನಲ್ಲಿ, ಟೆರೇಸಿನ ಮೇಲೆ, ಮಸುಕು ನಕ್ಷತ್ರವನ್ನು ದಿಟ್ಟಿಸಬಾರದು, ದಿಟ್ಟಿಸಿದರೆ ಮಾಯ, ಒಂಚೂರು ಪಕ್ಕಕ್ಕೆ ಕಣ್ಣಿಟ್ಟರೆ ತಾನಾಗಿ ಬರುತ್ತದೆ, ಎಷ್ಟು ಕಾಣ್ತು, ಆರು ಮಿಸ್, ಪಕ್ಕಕ್ಕೆ ನೋಡು, ಒಂಬತ್ತು ಮಿಸ್, ಆಗ ಅವಳು ಕುಣಿದಿದ್ದಳು, ಈಗ ನಾನು ಅವಳ ಪಾಲಿಗೆ ಮಸುಕು ನಕ್ಷತ್ರ, ಎರಡಡಿ ದೂರದಲ್ಲಿ ಕೂತಿದ್ದೇನೆ, ಅಯ್ಯೋ ಮಗು, ಆ ನಗುವನ್ನು ನೋಡಲಾಗದೆ ಕಣ್ಣು ಮುಚ್ಚಿಕೊಂಡೆ, ಮುಚ್ಚಿಕೊಂಡರೆ ಟೆರೇಸು, ಬೂದು ಸೀರೆ, ಸೋಮವಾರದ್ದೇ, ಇನ್ಯಾವ ವರ್ಷದ್ದೂ ಅಲ್ಲ, ಬಲಗೈಯ ಮುಷ್ಟಿಯಲ್ಲಿ ಮುಚ್ಚಳ, ಅದೇ ಕೈಯಿಂದ ರಟ್ಟಿನ ಮೇಲಿನ ಕಲೆಗಳನ್ನು ತೋರಿಸುತ್ತಿದ್ದೇನೆ, ಮುಚ್ಚಳ ನನ್ನ ಕೈಯಲ್ಲಿದೆ, ಬಿಲ್ಲೆ ಕಾಲರಿನಿಂದ ಅವಳ ಗಲ್ಲಕ್ಕೆ ಬಂದಿದೆ. ಯಾರೋ ಮಾತಾಡುತ್ತಿದ್ದಾರೆ, ನಾನೇ, ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ.

“ಅವಳು ನೋಡಿದ್ದಾಳೆ ಡಾಕ್ಟ್ರೇ. ಸೋಮವಾರ, ನನ್ನ ಟೆಲಿಸ್ಕೋಪಿನ ಫೈಂಡರಲ್ಲಿ. ಮುಚ್ಚಳ ತೆಗೆದಿದ್ದು ನಾನು, ವಾಪಸ್ ಹಾಕ್ಲಿಲ್ಲ. ಅವಳದೇನೂ ತಪ್ಪಿಲ್ಲ.”

ಹೌದಾ ಪುಟ್ಟಾ ಅಂತ ಡಾಕ್ಟರ್ ಕೇಳಿದರು, ಅವಳು ಒಂದೇ ಸಲ, ಎರಡೋ ಮೂರೋ ಸೆಕೆಂಡು, ನಿಜವಾದ್ದು ನೋಡೋಣ ಅಂತ, ಹೇಳಿದ್ರೆ ಮಿಸ್ ಟೆಲಿಸ್ಕೋಪ್ ನಿಲ್ಲಿಸಿಬಿಡ್ತಾರೆ ಅಂತ, ಅಂತ ಅಂತ ಅನ್ನುತ್ತಾ ಅಳತೊಡಗಿದಳು. ಡಾಕ್ಟರ್ ಬರೆಯುತ್ತಿದ್ದ ಚೀಟಿಯನ್ನು ಹರಿದು ಬೇರೆ ಬರೆದರು, ತಲೆಯ ಸ್ಕ್ಯಾನು ಬೇಡ, ಇಂಜೆಕ್ಷನ್ ಬೇಡ, ಇದಕ್ಕೆ ಔಷಧಿ ಇಲ್ಲ, ಕಾಯಬೇಕು, ಮೂರು ತಿಂಗಳೋ ಆರು ತಿಂಗಳೋ, ಬಹಳ ಜನಕ್ಕೆ ದೃಷ್ಟಿ ಸುಮಾರಾಗಿ ವಾಪಸ್ ಬರುತ್ತೆ, ಪೂರ್ತಿ ಬರುತ್ತೆ ಅಂತ ನಾನು ಹೇಳೋಕಾಗಲ್ಲ. ಶಿಲ್ಪಶ್ರೀ ನನ್ನನ್ನು ನೋಡಿದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮಗಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ನಾಲ್ಕು ದಿನ ಮಿಸ್ ಅಂದಳು, ನಾಲ್ಕು ದಿನದಿಂದ ನನ್ನ ಮಗೂನ ಹೊಡೀತಾ ಇದ್ದೀನಿ, ನಿಮಗೆ ಗೊತ್ತಿತ್ತಾ. ಗೊತ್ತಿರಲಿಲ್ಲ ಅನ್ನಲು ಬಾಯಿ ತೆರೆದೆ. ಗೊತ್ತಿರಲಿಲ್ಲ, ಮರೆತಿದ್ದೆ, ವರ್ಷಗಳು ಕಲಸಿಹೋಗಿದ್ದವು, ಆದರೆ ನೋಡಿದ್ದೆನಲ್ಲ, ಆವತ್ತೇ, ಈ ಎರಡು ಕಣ್ಣಿಂದ, ಬಿಲ್ಲೆ ಗಲ್ಲದಿಂದ ಕೆನ್ನೆಗೆ ಏರುತ್ತಿದೆ, ಅವಳು ಆ ಪುಟ್ಟ ಕೊಳವೆಯ ಕಡೆ ಬಗ್ಗುತ್ತಿದ್ದಾಳೆ, ಅದಕ್ಕೇ ಏರುತ್ತಿದೆ, ತುಟಿಯ ಪಕ್ಕ, ಮೂಗಿನ ಪಕ್ಕ, ಆ ಬೆಳಕು ಸೂರ್ಯನನ್ನು ಬಿಟ್ಟು ಹೊರಟಾಗ ಇನ್ನೂ ಮೋಡವಿತ್ತು, ಮುಚ್ಚಳ ಇನ್ನೂ ಕೊಳವೆಯ ಮೇಲಿತ್ತು, ಎಂಟು ನಿಮಿಷ ಇತ್ತು ನನಗೆ, ಈಗಲೂ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದಾಳೆ, ಬಿಲ್ಲೆ ಕೆಳರೆಪ್ಪೆಗೆ ಇನ್ನೊಂದು ಬೆರಳಿನಷ್ಟು ಕೆಳಗಿದೆ, ಬೆಳ್ಳಿಯ ಹಾಗೆ ಹೊಳೆಯುತ್ತಿದೆ, ನಾನು ಅದನ್ನು ನೋಡುತ್ತೇನೆ, ಎಷ್ಟು ಚೆಂದ ಅಂದುಕೊಳ್ಳುತ್ತೇನೆ, ಮಕ್ಕಳ ಕಡೆ ತಿರುಗಿ ಪಾಠ ಮುಂದುವರಿಸುತ್ತೇನೆ.